ಸುಟ್ಟಕಾಯಿಕೆರೆ

ಎರಡು ಸಾಲು ಬರೆಯುವಷ್ಟರಲ್ಲಿ ಕೂಸು ಮತ್ತೆ ಎದ್ದು ರಾಗ ತೆಗೆಯಿತು. ಬೆಳಗಿನಿಂದ ಇದು ನಾಲ್ಕನೆಯ ಸಲ. ಮನೆಯಲ್ಲಿ ಆರು ಜನರಿದ್ದರೂ ತೊಟ್ಟಿಲ ಹಗ್ಗಕ್ಕೆ ನನ್ನ ಕೈಯೇ ಬೇಕಂತೆ. ಇರಲಿ, ಒಂದು ಕೈ ಹಗ್ಗಕ್ಕೆ, ಒಂದು ಕೈ ಬರೆಯಲಿಕ್ಕೆ. ಇದನ್ನು ಇವತ್ತು ಮುಗಿಸದೆ ಏಳುವವಳಲ್ಲ ನಾನು.

ನಮ್ಮ ಕಡಲೆಹಾಳದ ಪಡುವಣಕ್ಕೆ, ಎರೆಹೊಲಗಳು ಮುಗಿಯುವಲ್ಲಿ ಸುಟ್ಟಕಾಯಿಕೆರೆ ಇದೆ. ಏರಿಯ ನಡುವೆ ಕಲ್ಲಿನ ಸಣ್ಣ ಶಿವನ ಗುಡಿ, ಅದರ ಹಿಂದೆ ಮುಳ್ಳು ತುಂಬಿದ ಬಿಲ್ವದ ಮರ. ಹೆಸರು ಕೇಳಿ ಹೊಸಬರು ನಗುತ್ತಾರೆ. ಕೆರೆಗೆ ರಾಜನ ಹೆಸರಿರುತ್ತದೆ, ರಾಣಿಯ ಹೆಸರಿರುತ್ತದೆ. ಸುಟ್ಟ ಕಾಯಿಯ ಹೆಸರೇ? ನಗಲಿ ಬಿಡಿ. ಆ ಕಾಯಿ ಇಲ್ಲದಿದ್ದರೆ ಈ ಕೆರೆಯೇ ಇರುತ್ತಿರಲಿಲ್ಲ.

ಹಿಂದೆ ಒಮ್ಮೆ ಇಲ್ಲಿ ಬರೀ ತಗ್ಗು ಇತ್ತು, ಗುಡಿ ಮತ್ತು ಮರ ಆಗಲೂ ಇದ್ದವು ಎನ್ನುತ್ತಾರೆ. ಕೆರೆ ಅಗೆಯಲು ಇಪ್ಪತ್ತು ಕುಟುಂಬಗಳು ಮಣ್ಣು ಹೊರುವ ಕತ್ತೆಗಳೊಂದಿಗೆ ಬಂದವು. ಅವರ ಹಿರಿಯ ದ್ಯಾವಣ್ಣ; ಆತನ ಹೆಂಡತಿ ಗಾಳೆವ್ವ. ಅವರಲ್ಲೊಂದು ನೇಮವಿತ್ತು. ತಳದಲ್ಲಿ ಮೊದಲ ಒರತೆ ಕಂಡ ದಿನ ಆ ನೀರನ್ನು ಸೋಸದೆ, ಕಾಯಿಸದೆ, ಗಂಗವ್ವನ ಪ್ರಸಾದವೆಂದು ಎಲ್ಲರೂ ಮೂರು ಬೊಗಸೆ ಕುಡಿಯಬೇಕು. ಕತ್ತೆಗಳು ತುಳಿದು ಹೇತ ಕೆಸರು ಅದು. ದ್ಯಾವಣ್ಣ ಕುಡಿದ, ಗುಡಿಯ ಪೂಜೆ ಮಾಡುವ ಮುದಕಯ್ಯನವರೂ ಕುಡಿದರು. ಹಸಿ ಬಾಣಂತಿಯಾಗಿ ಗುಡಿಸಲಲ್ಲಿದ್ದ ಗಾಳೆವ್ವ ಮಾತ್ರ ಕುಡಿಯಲಿಲ್ಲ. ಮೂರನೆಯ ದಿನಕ್ಕೆ ಎಲ್ಲರಿಗೂ ಆಮಶಂಕೆ! ಗುದ್ದಲಿ ಹಿಡಿದ ಕೈಗಳೆಲ್ಲ ಹೊಟ್ಟೆ ಹಿಡಿದವು. ದ್ಯಾವಣ್ಣನಿಗೆ ರಕ್ತವೇ ಹೋಗತೊಡಗಿ, ಐದನೆಯ ದಿನ ಎದ್ದು ಕೂರಲೂ ಆಗದಾಯಿತು. ಅತ್ತ ಮೋಡ ಕಟ್ಟುತ್ತಿತ್ತು, ಇತ್ತ ಏರಿ ಅರ್ಧಕ್ಕೆ ನಿಂತಿತ್ತು.

ತವರಿನಲ್ಲಿ ಅಜ್ಜಿ ಇಂಥ ಬೇನೆಗೆ ಏನು ಕೊಡುತ್ತಿದ್ದಳೆಂದು ಗಾಳೆವ್ವನಿಗೆ ಗೊತ್ತಿತ್ತು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದವಳೇ ಬಿಲ್ವದ ಎಳೆಗಾಯಿಗಳನ್ನು ಬಡಿದು ಬೀಳಿಸಿ ಕೆಂಡಕ್ಕೆ ತಳ್ಳಿದಳು. ಚಿಪ್ಪುಗಳು ಟಪ್ ಟಪ್ ಎಂದು ಸಿಡಿದವು, ಘಮ ತಗ್ಗಿನ ತುಂಬ ಹರಡಿತು. ಒಳಗಿನ ತಿರುಳಿಗೆ ಬೆಲ್ಲ ಕಲಸಿ, ಮಜ್ಜಿಗೆಯೊಂದಿಗೆ ಗಂಡನ ಬಾಯಿಗೆ ಹಿಡಿದರೆ ಆತ ಮುಖ ತಿರುಗಿಸಿದ.

"ಶಿವನ ಮರದ ಕಾಯಿ ಹರಿದು ಸುಟ್ಟೀಯಲ್ಲ! ಸತ್ತರೂ ತಿನ್ನೂದಿಲ್ಲ."

"ಕೆಸರು ಕುಡಿಯೂಮುಂದ ದೇವರು ಬೇಕಾಗಿದ್ದ. ಬ್ಯಾನಿ ಬಂದಮ್ಯಾಲೆ ಅದೇ ದೇವರ ಕಾಯಿ ಬ್ಯಾಡೇನು?"

ಆತ ಬಾಯಿ ಬಿಡಲಿಲ್ಲ. ಹಿರಿಯನೇ ಒಲ್ಲೆನೆಂದ ಮೇಲೆ ಉಳಿದವರೂ ಒಲ್ಲೆವೆಂದರು. ಅಷ್ಟರಲ್ಲಿ ಮುದಕಯ್ಯನವರು ಕೂಗಾಡುತ್ತ ಬಂದರು. "ಗಾಳೆವ್ವಾ, ಎಂಥಾ ಪಾಪ ಮಾಡಿದಿ! ಈ ಪಾಪಕ್ಕ..." ಎಂದವರು ಮಾತು ಅಲ್ಲಿಗೇ ಬಿಟ್ಟು, ಚೊಂಬು ಕಸಿದುಕೊಂಡು ಬೇಲಿಯತ್ತ ಓಡಿದರು. ತಿರುಗಿ ಬಂದಾಗ ಗಾಳೆವ್ವ ಸೆರಗು ಸರಿಮಾಡಿಕೊಂಡು ಕೇಳಿದಳು: "ಎಲ್ಲಿಗೆ ಬಂದಿತ್ರೀ ಅಯ್ನೋರ, ಪಾಪದ ಮಾತು?"

ಮಲಗಿದವರೂ ನಕ್ಕರಂತೆ.

"ನೀವು ತಿನ್ನಬ್ಯಾಡ್ರಿ. ಲಿಂಗದ ಮುಂದ ಇಡ್ರಿ, ಸಾಕು. ಆತ ಬ್ಯಾಡಂದ್ರ ನಾನೇ ತಿಪ್ಪಿಗೆ ಎಸೀತೀನಿ."

ಹೊಟ್ಟೆ ಮತ್ತೆ ಹಿಂಡುತ್ತಿತ್ತು; ಅಯ್ಯನವರು ವಾದಕ್ಕೆ ನಿಲ್ಲಲಿಲ್ಲ. ಸುಟ್ಟ ಕಾಯಿಯ ಬುಟ್ಟಿ ಒಯ್ದು ಲಿಂಗದ ಮುಂದಿಟ್ಟರು. ಮಲಗಿದವರೆಲ್ಲ ಗುಡಿಯ ಕಡೆ ಕತ್ತು ಚಾಚಿದರು. ಗುಡಿಯೊಳಗಿಂದ ಸದ್ದಿಲ್ಲ. "ಆತ ಬ್ಯಾಡನ್ನಲಿಲ್ಲ!" ಎಂದು ಗಾಳೆವ್ವ ಕೂಗಿದಳು. "ಇನ್ನ ಇದು ಪ್ರಸಾದ. ಯಾರು ಒಲ್ಲೆ ಅಂತೀರಿ, ಎದ್ದು ನಿಂತು ಹೇಳ್ರಿ!"

ಎದ್ದು ನಿಲ್ಲುವ ಶಕ್ತಿ ಯಾರಿಗಿತ್ತು? ಅಯ್ಯನವರು ಮೊದಲು ತಿಂದರು. ದ್ಯಾವಣ್ಣ ಕಣ್ಣಿಗೊತ್ತಿಕೊಂಡು ತಿಂದ. ಮೂರು ದಿನ ಅದೇ ಕಾಯಿ, ಜೀರಿಗೆ ಹಾಕಿದ ನೀರು ಮಜ್ಜಿಗೆ, ಕಾಯಿಸಿ ಆರಿಸಿದ ನೀರು. ಬೇರೇನೂ ಮುಟ್ಟಗೊಡಲಿಲ್ಲ ಪುಣ್ಯಾತ್ಗಿತ್ತಿ. ನಾಲ್ಕನೆಯ ದಿನ ದ್ಯಾವಣ್ಣ ಎದ್ದು ಕೂತು, "ಹಸಿವಾಗೇತಿ" ಎಂದ. ಆ ಒಂದು ಮಾತಿಗೆ ಹೆಂಗಸರೆಲ್ಲ ಕುಣಿದರು ಎನ್ನುತ್ತಾರೆ! ಮಳೆ ಹಿಡಿಯುವ ಮುನ್ನಾದಿನ ಏರಿ ಮುಗಿಯಿತು, ಕೆರೆ ತುಂಬಿತು.

ಈಗಲೂ ಎಳೆಗಾಯಿಯ ಕಾಲದಲ್ಲಿ ಬಂದರೆ ನೀವೇ ನೋಡಬಹುದು. ಹೊಟ್ಟೆ ಕೆಟ್ಟವರು ಏರಿಯ ಮೇಲೆ ಕೆಂಡ ಹಾಕಿ ಕೂತಿರುತ್ತಾರೆ. ಒಂದೊಂದು ಚಿಪ್ಪು ಸಿಡಿದಾಗಲೂ ಚಪ್ಪಾಳೆ ತಟ್ಟುತ್ತಾರೆ. ಲಿಂಗದ ಮುಂದಿಡದೆ ಯಾರೂ ತಿನ್ನುವುದಿಲ್ಲ. ಆಮೇಲೆ ಎಲ್ಲರೂ ಕೆಳಗೆ ತೂಬಿನ ಬಳಿಗೆ ಇಳಿದು, ಅಲ್ಲಿ ನೆಟ್ಟ ಮೊಳದುದ್ದದ ಕಲ್ಲಿಗೆ ಒಂದು ಹೋಳು ಇಡುತ್ತಾರೆ. ಅದು ಹುಲುಗಪ್ಪನ ಕಲ್ಲು. ಅಗೆಯುವವರಲ್ಲೆಲ್ಲ ಚಿಕ್ಕವನು, ಉಳಿದವರು ಒಲ್ಲೆವೆನ್ನುತ್ತಿದ್ದಾಗಲೇ, ಅಯ್ಯನವರು ಬರುವುದಕ್ಕೂ ಮುಂಚೆ, "ಕೊಡಬೇ ಅಕ್ಕಾ" ಎಂದು ಕೈ ಚಾಚಿದವನು. ಎಲ್ಲರೂ ಎದ್ದ ದಿನವೇ ಅವನು ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಅವನ ಹೆಂಡತಿ ದುರಗವ್ವ ಗಾಳೆವ್ವನ ಎದುರು ಕೂತು ಕೇಳಿದಳು.

"ಎಲ್ಲಾರಕಿಂತ ಮೊದಲು ನಿನ್ನ ಮಾತು ನಂಬಿದಾವ ಅವನಲ್ಲೇನಬೇ ಅಕ್ಕಾ? ಅವನೊಬ್ಬನೇ ಯಾಕ ಏಳಲಿಲ್ಲ?"