ಪೈಲ್ವಾನ ಭೀಮಶಿಯ ಕಸುವು

ಘಟಪ್ರಭೆಯ ದಂಡೆಯ ಸಣ್ಣ ಹಂಚಿನ ಮಠದಲ್ಲಿ ಪೂಜ್ಯ ನಿರ್ವಾಣಯ್ಯನವರು ನಲವತ್ತು ವರ್ಷ ನೆಲೆಸಿದ್ದರು. ಅವರು ಬಾಲಬ್ರಹ್ಮಚಾರಿಗಳು. ಎಪ್ಪತ್ತು ದಾಟಿದ ಮೇಲೂ ಕುಸಿದ ಬಾವಿಯ ಕಟ್ಟೆಗೆ ತಾವೇ ಕಲ್ಲು ಹೊತ್ತು ಜೋಡಿಸುತ್ತಿದ್ದರು. ಇದೆಲ್ಲ ಬ್ರಹ್ಮಚರ್ಯದ ತೇಜಸ್ಸೆಂದು ಭಕ್ತರು ಕೈಮುಗಿದರೆ ಮುಂದಿನ ಕಲ್ಲು ಎತ್ತಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಭೀಮಶಿ ಎಂಬ ಪೈಲ್ವಾನ, ಕಲ್ಲು ಜೋಡಿಸುತ್ತಿದ್ದ ಅವರ ಬಳಿ ಬಂದ. ಎತ್ತರದ ಆಳು, ಕಣ್ಣುಗಳು ಮಾತ್ರ ಗುಳಿಬಿದ್ದಿದ್ದವು.

"ಸಂಸಾರ ಮಾಡಿದ್ರ ಕಸುವು ಸೋರಿಹೋಗ್ತದ ಅಂತ ಗರಡಿಮನಿ ಉಸ್ತಾದರು ಹೇಳಿದ್ರು. ಹೆಣ್ತೀನ ತವರಿಗೆ ಕಳಿಸಿ ಎರಡು ವರ್ಷ ಆತ್ರೀ. ಆದ್ರೂ ನಾಕು ಕುಸ್ತಿ ಸೋತೀನಿ. ಕನಸಿನಾಗ ವೀರ್ಯ ಹೋತಂದ್ರ ಮರುದಿನ ಕೈಕಾಲು ನಡಗ್ತಾವ."

"ನಿದ್ದಿ?" ಎಂದು ಶ್ರೀಗಳು ಕೇಳಿದರು.

"ಮಲಗಾಕ ಅಂಜಿಕಿ. ಕನಸು ಬೀಳ್ತದಂತ ಕುಂತೇ ಇರ್ತೀನಿ. ಊಟಾನೂ ಒಂದೇ ಹೊತ್ತು."

"ನಿದ್ದಿ ಇಲ್ಲ, ಊಟ ಇಲ್ಲ. ಕಸುವು ಎಲ್ಲಿಂದ ಬರಬೇಕಪ್ಪ?"

ಭೀಮಶಿಗೆ ಸಮಾಧಾನವಾಗಲಿಲ್ಲ. "ಹಂಗಂದ್ರ ತಮ್ಮ ಕಸುವು ಬ್ರಹ್ಮಚರ್ಯದ್ದಲ್ಲೇನ್ರೀ?" ಎಂದು ಕೇಳಿಯೇಬಿಟ್ಟ.

ಶ್ರೀಗಳು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟರು.

"ಇಪ್ಪತ್ತನೇ ವರ್ಷಕ್ಕ ಚಳಿಜ್ವರ ಬಂದು ಆರು ತಿಂಗಳು ಹಾಸಿಗಿ ಹಿಡಿದಿದ್ದೆ. ಆಗಲೂ ಬ್ರಹ್ಮಚಾರಿನೇ ಇದ್ದೆ. ಅದು ನಾ ದೇವರಿಗೆ ಕೊಟ್ಟ ಮಾತು, ಮೈಗೆ ಕೊಟ್ಟ ಔಷಧ ಅಲ್ಲ. ನೀ ಮಾತು ಕೊಟ್ಟಿದ್ದು ಯಾರಿಗೆ?"

ಭೀಮಶಿಗೆ ಅಕ್ಷತೆ ಬಿದ್ದ ದಿನ ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಸಂಗವ್ವನ ಮುಖ ನೆನಪಾಯಿತು.

ಶ್ರೀಗಳು ಅವನಿಗೆ ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ ಬಡಿಸಿ, ಜಗಲಿಯ ಮೇಲೆ ಕಂಬಳಿ ಹಾಸಿಕೊಟ್ಟರು. ಮಲಗಿದವನು ಎದ್ದದ್ದು ಮರುದಿನ ಬೆಳಿಗ್ಗೆ. ಕನಸು ಬಿದ್ದಿತ್ತೋ ಇಲ್ಲವೋ ಅವನಿಗೇ ತಿಳಿದಿರಲಿಲ್ಲ. ಶ್ರೀಗಳ ಪಾದಕ್ಕೆರಗಿ ನೇರವಾಗಿ ಹೆಂಡತಿಯ ತವರಿಗೆ ನಡೆದ.

ಸಂಗವ್ವ ಹೊಸ್ತಿಲಲ್ಲೇ ತಡೆದು ಕೇಳಿದಳು, "ಎರಡು ವರ್ಷ ಊರವರು ನನ್ನನ್ನ ಗಂಡ ಬಿಟ್ಟಾಕಿ ಅಂತ ಆಡಿಕೊಂಡ್ರು. ನಾ ಮಾಡಿದ್ದೇನು?"

"ನೀ ಏನೂ ಮಾಡಿಲ್ಲ. ನಾನೇ ಅಂಜಿದ್ದೆ."

ಅವಳು ಒಡನೆಯೇ ಹೊರಡಲಿಲ್ಲ. ಎಂಟು ದಿನ ಅವನು ಮಾವನ ಹೊಲದಲ್ಲಿ ದುಡಿದ. ಒಂಬತ್ತನೆಯ ದಿನ ಇಬ್ಬರೂ ಊರಿಗೆ ಮರಳಿದರು.

ಆ ವರ್ಷದ ಮೊದಲ ಕುಸ್ತಿಯಲ್ಲೂ ಭೀಮಶಿ ಸೋತ. "ಹೆಂಡತಿ ಬಂದಳು, ಕಸುವು ಹೋಯಿತು" ಎಂದು ಉಸ್ತಾದರು ಎಲ್ಲರ ಮುಂದೆ ಮೂದಲಿಸಿದರು. ಮೊದಲಿನ ಭೀಮಶಿಯಾಗಿದ್ದರೆ ನಡುಗಿಹೋಗುತ್ತಿದ್ದ. ಈಗ ಮೈಯ ಕೆಮ್ಮಣ್ಣು ಒರೆಸಿಕೊಂಡು, "ಇಲ್ರೀ ಉಸ್ತಾದ, ಅವ ನನಗಿಂತ ಚಲೋ ಆಡಿದ" ಎಂದು ಗೆದ್ದವನ ಕೈಹಿಡಿದು ಮೇಲೆತ್ತಿ ಜನರಿಗೆ ತೋರಿಸಿದ. ಅಂದು ಮನೆಗೆ ಹೋಗಿ ಹೊಟ್ಟೆತುಂಬ ಉಂಡು ಮಲಗಿದ.