ದ್ಯಾಮವ್ವನ ಮುಚ್ಚಳವಿಲ್ಲದ ಯಂತ್ರ

ಕೇಳಿ ಮಕ್ಕಳೇ. ಕಣಗಿಲಪುರ ಅಂತ ಒಂದು ರಾಜ್ಯ. ಅಲ್ಲಿ ಬಿಂಕಾಚಾರಿ ಅಂತ ಒಬ್ಬ ಯಂತ್ರಗಾರ ಇದ್ದ. ಎತ್ತು ಸುತ್ತು ಹಾಕಿದರೆ ಸಾಕು, ಜೋಳ ಬೀಸಿ ಹಿಟ್ಟು ಕೊಡುವಂಥ ಯಂತ್ರ ಮಾಡಿ ಊರೂರಿಗೂ ಕೊಟ್ಟಿದ್ದ. ಜಾಣನೇ, ಇಲ್ಲ ಅನ್ನೋಹಾಗಿಲ್ಲ. ಆದರೆ ಯಂತ್ರಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಮುಚ್ಚಳ, ಮುಚ್ಚಳಕ್ಕೊಂದು ಬೀಗ. ಬೀಗದ ಕೈ ಅವನ ಸೊಂಟದಲ್ಲಿ. ಮುಚ್ಚಳ ತೆಗೆದವರಿಗೆ ಸೆರೆಮನೆ ಅಂತ ರಾಜನಿಂದ ಅಪ್ಪಣೆ ಬೇರೆ ಮಾಡಿಸಿಕೊಂಡಿದ್ದ.

ಯಂತ್ರ ನಿಂತರೆ ಅವನೇ ಬರಬೇಕು. ಸುಮ್ಮನೆ ಬರ್ತಾನಾ? ಪಲ್ಲಕ್ಕಿ ಕಳಿಸಬೇಕು. ಹೋಳಿಗೆ ಮಾಡಬೇಕು. ಉಂಡ ಮೇಲೆ ಮಲಗಲು ಮಂಚ ಹಾಕಬೇಕು. ನಿದ್ದೆ ತಿಳಿದೆದ್ದು, ಎಲ್ಲರನ್ನೂ ಆಚೆ ಕಳಿಸಿ, ಒಳಗೆ ಏನೋ ಕುಟ್ಟಿ, ಮತ್ತೆ ಬೀಗ ಹಾಕಿ ಹೊರಡುತ್ತಿದ್ದ.

ಗಡಿಯಂಚಿನ ಬೋರಗಲ್ಲು ಹಳ್ಳಿಯಲ್ಲಿ ಯಂತ್ರ ನಿಂತಾಗ ಮಾತ್ರ ಅವನು ಬರಲೇ ಇಲ್ಲ. ಅಷ್ಟು ದೂರ ಪಲ್ಲಕ್ಕಿಯಲ್ಲಿ ಕೂತರೆ ಬೆನ್ನು ನೋಯುತ್ತದಂತೆ. ಹೆಂಗಸರು ಮತ್ತೆ ಬೀಸುಕಲ್ಲಿಗೆ ಕೂತರು. ಅವರಲ್ಲಿ ದ್ಯಾಮವ್ವ ಒಬ್ಬಳು. ಬಡಿಗರ ಮನೆಯ ಮಗಳು, ಬಾಯಿ ಸ್ವಲ್ಪ ಜೋರು. ತುಂಬು ಬಸುರಿ ಸೊಸೆ ಬೀಸಿ ಬೀಸಿ ಕಲ್ಲಿನ ಪಕ್ಕದಲ್ಲೇ ಬವಳಿ ಬಂದು ಬಿದ್ದಾಗ ದ್ಯಾಮವ್ವನ ಕರುಳು ಚುರ್ ಅಂದಿತು. ಅವನ ಪೆಟ್ಟಿಗೆ ಮುಟ್ಟೋಹಾಗಿಲ್ಲ ತಾನೇ, ನಾನೇ ಒಂದು ಮಾಡ್ತೀನಿ ಅಂತ ಉಳಿ ಹಿಡಿದಳು.

ಮೊದಲನೆಯದು ಹಿಟ್ಟನ್ನೆಲ್ಲ ಎತ್ತಿನ ಮುಖಕ್ಕೆ ಎರಚಿತು. ಎರಡನೆಯದು ಹಿಟ್ಟೇ ಕೊಡದೆ ಬರೀ ಗೊರಕೆ ಹೊಡೆಯಿತು. ಊರು ನಕ್ಕಿತು. ಅವಳೂ ನಕ್ಕಳು, ಒಳಗೊಳಗೆ ಮಾತ್ರ ಅಳು ಬಂದಿತ್ತು. ಮೂರನೆಯದು ಬೀಸಿತು.

ಅದನ್ನು ಊರ ಕಟ್ಟೆಯ ಮುಂದೆ ಬಟ್ಟಂಬಯಲಿನಲ್ಲೇ ನಿಲ್ಲಿಸಿದಳು. ಮುಚ್ಚಳವಿಲ್ಲ, ಬೀಗವಿಲ್ಲ. ನೋಡಲು ಬಂದವರಿಗೆ ಅವಳದು ಒಂದೇ ಮಾತು: "ನೋಡ್ರಿ, ನೀವೂ ಮಾಡ್ಕೊಳ್ರಿ. ಇದಕ್ಕಿಂತ ಚಲೋ ಮಾಡಿದ್ರ ಅದನ್ನ ಮುಚ್ಚಿಡಬ್ಯಾಡ್ರಿ, ಎಲ್ಲಾರಿಗೂ ತೋರಸ್ರಿ."

ಗುಡ್ಡದ ಊರಿನವರು ಅದನ್ನು ಗಾಳಿಗೆ ತಿರುಗಿಸಿದರು. ಹೊಳೆಸಾಲಿನವರು ನೀರಿಗೆ ತಿರುಗಿಸಿದರು. ಕಾಡಂಚಿನವರು ಅದರಲ್ಲೇ ಎಣ್ಣೆ ತೆಗೆದರು. ಒಬ್ಬರದನ್ನು ಒಬ್ಬರು ನೋಡಿ ಕಲಿತರು. ಯಾರೂ ತಿರುಗಿ ನೋಡದಿದ್ದ ಊರುಗಳಿಂದ ಹಿಟ್ಟು, ಎಣ್ಣೆ ಸಂತೆಗೆ ಹೋದವು. ಬೀಸುವ ಕೆಲಸ ತಪ್ಪಿದ ಹೆಂಗಸರು ಮಗ್ಗ ಹೂಡಿದರು, ಹೆಣ್ಣುಮಕ್ಕಳು ಓದಲು ಹೋದರು.

ಬಿಂಕಾಚಾರಿಯ ಮನೆಗೆ ಪಲ್ಲಕ್ಕಿ ಬರೋದು ನಿಂತಿತು. ಅವನು ಅರಮನೆಗೆ ಓಡಿ, ಆ ಯಂತ್ರಗಳೆಲ್ಲ ನನ್ನವೇ, ಆ ಹೆಂಗಸು ಕದ್ದಿದ್ದಾಳೆ, ಎಲ್ಲಕ್ಕೂ ನನ್ನ ಬೀಗ ಹಾಕಿಸಿ ಅಂತ ದೂರು ಕೊಟ್ಟ. ರಾಜ ದ್ಯಾಮವ್ವನನ್ನು ಕರೆಸಿದ. ಅವಳಿಗೆ ಒಂದೇ ಭಯ: ಬೀಗ ಬಿದ್ದರೆ ಅಷ್ಟೂ ಊರು ಮತ್ತೆ ಬೀಸುಕಲ್ಲಿಗೆ! ಆದರೂ ಕೈಮುಗಿದು ಮೆಲ್ಲಗೆ ಅಂದಳು:

"ಅವರವೇ ಇರ್ಲಿ ಮಹಾರಾಜ್ರ. ಆದ್ರ ಮಾಡಿದವರೇ ದುರಸ್ತಿ ಮಾಡ್ಬೇಕಲ್ರಿ. ಗುಡ್ಡದಾಗ ಒಂದು ನಿಂತೈತಿ, ಹೊಳಿಸಾಲಾಗ ಒಂದು, ಅಡವ್ಯಾಗ ಒಂದು. ಇವತ್ತೇ ಹೊರಡ್ಲಿ."

ರಾಜನಿಗೆ ಮೀಸೆಯಡಿ ನಗು. "ನ್ಯಾಯವಾದ ಮಾತು. ಹೊರಡು ಆಚಾರಿ. ಗುಡ್ಡಕ್ಕೆ ಪಲ್ಲಕ್ಕಿ ಹತ್ತೋದಿಲ್ಲ, ನಡೆದೇ ಹೋಗು. ಸರಿಮಾಡದೆ ತಿರುಗಿ ಬರಬೇಡ."

ಗಾಳಿಗೆ ತಿರುಗೋ ಯಂತ್ರವನ್ನು ಬಿಂಕಾಚಾರಿ ಕಣ್ಣಲ್ಲೂ ಕಂಡಿರಲಿಲ್ಲ. ಗುಡ್ಡದ್ದು ನನ್ನದಲ್ಲ ಅಂದ. ಆಮೇಲೆ ಹೊಳೆಸಾಲಿನದ್ದೂ ಅಲ್ಲ ಅಂದ. ಕೊನೆಗೆ ಬೆವರು ಒರೆಸಿಕೊಂಡು, "ಯಾವುದೂ ನನ್ನದಲ್ಲ ಪ್ರಭು" ಅಂದುಬಿಟ್ಟ.

ರಾಜ ತನ್ನ ಅಪ್ಪಣೆ ಹಿಂದಕ್ಕೆ ಪಡೆದು ಊರೂರಿನ ಬೀಗ ತೆಗೆಸಿದ. ಜನ ಪೆಟ್ಟಿಗೆಯೊಳಗೆ ಇಣುಕಿ, "ಇಷ್ಟೇನಾ?" ಅಂದರು. ಬಿಂಕಾಚಾರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ನೋಡಿ ಮಕ್ಕಳೇ, ಬೀಸುವ ಯಂತ್ರವಾದರೂ ಅಷ್ಟೇ, ನಿಮ್ಮ ಕಾಲದ ಕಂಪ್ಯೂಟರಿನ ಸಾಫ್ಟ್‌ವೇರ್ ಆದರೂ ಅಷ್ಟೇ. ತಿಳಿದದ್ದಕ್ಕೆ ಬೀಗ ಹಾಕಿದರೆ ಒಬ್ಬನ ಹೊಟ್ಟೆ ತುಂಬುತ್ತದೆ. ಬಿಚ್ಚಿಟ್ಟರೆ ನೂರಾರು ಕೈ ಸೇರಿ ನಾಡೇ ಮೇಲೇಳುತ್ತದೆ.