ಖಣ್ ಎನ್ನದ ಮಡಕೆಗಳು

"ಅಜ್ಜಾರ, ಫಲ ಇಲ್ಲದ ಸುಖ ಸುಳ್ಳು ಹೌದಲ್ರೀ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಅಡಿವೆಪ್ಪ. ಹೆಂಡತಿಯನ್ನೂ ಇಬ್ಬರು ಸಣ್ಣ ಗಂಡುಮಕ್ಕಳನ್ನೂ ಊರಲ್ಲಿ ಬಿಟ್ಟು ಮಠಕ್ಕೆ ಬಂದವನು. ಬರುವ ಸೋಮವಾರ ಅವನಿಗೆ ದೀಕ್ಷೆ ಆಗುವುದಿತ್ತು. ದೀಕ್ಷೆಯಾದರೆ ಮತ್ತೆ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಎಲ್ಲವನ್ನೂ ಬಿಟ್ಟಿದ್ದ, ಒಂದು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಜಪಕ್ಕೆ ಕೂತಾಗ ಹಿರಿಯ ಮಗ ಬೆನ್ನ ಮೇಲೆ ಹತ್ತಿದಂತೆ, ಕಿರಿಯವನು ಮೀಸೆ ಹಿಡಿದು ಜಗ್ಗಿದಂತೆ ಆಗುತ್ತಿತ್ತು. ಆಗ ತಾನಾಗಿಯೇ ನಗು ಬರುತ್ತಿತ್ತು. ನಗು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು.

"ಮಕ್ಕಳು ನಾಳೆ ದೊಡ್ಡವರಾಗ್ತಾರ. ತಮ್ಮ ಸಂಸಾರ ತಾವು ನೋಡ್ಕೋತಾರ. ಅಪ್ಪನ್ನ ನೋಡಿದ್ರ ನೋಡಿದ್ರು, ಬಿಟ್ರ ಬಿಟ್ರು. ಮುಂದ ಏನೂ ಸಿಗೂದಿಲ್ಲ ಅಂದಮ್ಯಾಲ ಈ ಸುಖ ಸುಳ್ಳ ಅಲ್ಲೇನ್ರೀ? ಇದನ್ನ ಕಿತ್ತು ಒಗಿಯೂದು ಹ್ಯಾಂಗ?"

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. ಮುಖ ಎತ್ತಲಿಲ್ಲ. "ಭಾಳ ಶಾಣ್ಯಾ ಇದ್ದಿ. ಕೂಡು," ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಲ್ಲಿ ಒಬ್ಬ ಕುಂಬಾರ ಇದ್ದ. ಊರಿನ ಮದುವೆಗಳಿಗೆಲ್ಲ ಐರಣಿ ಮಡಕೆ ಮಾಡಿಕೊಡುವ ಹಕ್ಕು ಅವನ ಮನೆತನದ್ದು. ಐರಣಿ ಎಂದರೆ ಸುಣ್ಣ ಬಳಿದು ಬಣ್ಣದ ಚಿತ್ರ ಬರೆದ ಮಡಕೆಗಳು. ಮದುವೆ ಮನೆಯವರು ವಾದ್ಯದೊಂದಿಗೆ ಕುಂಬಾರನ ಬಾಗಿಲಿಗೆ ಬಂದು, ಅವನ ಹೆಂಡತಿಗೆ ಉಡಿ ತುಂಬಿ, ಆ ಮಡಕೆಗಳನ್ನು ಹೊತ್ತು ಹಂದರಕ್ಕೆ ತಂದ ಮೇಲೆಯೇ ಮುಂದಿನ ಕೆಲಸ. ಆ ಹೊತ್ತು ಕುಂಬಾರನಿಗೆ ಗೌಡನಷ್ಟೇ ಮರ್ಯಾದೆ. ಅಪ್ಪನಿಂದ ಮಗನಿಗೆ ಬರುವ ಹಕ್ಕು ಅದು.

ಕುಂಬಾರನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಮಾತಿನ ಮಲ್ಲ. ಕಿರಿಯವನು ಅಣ್ಣ ಮಾಡಿದ್ದನ್ನು ಮಾಡುವವನು. ಅಪ್ಪ ಮಣ್ಣು ತುಳಿದರೆ ಇವರೂ ತುಳಿಯುವರು. ತುಳಿದದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಕತ್ತೆಯ ಮೇಲೆ ಮಣ್ಣಿನ ಚೀಲಗಳ ನಡುವೆ ಇಬ್ಬರನ್ನೂ ಕೂರಿಸಿಕೊಂಡು ಬರುವಾಗ ಎದುರಾದವರು, ಇದರಲ್ಲಿ ಮಣ್ಣು ಯಾವುದು, ಮಕ್ಕಳು ಯಾವುದು ಎಂದು ಕೇಳುತ್ತಿದ್ದರು. ಬಾಯಿ ಮುಚ್ಚಿಕೊಂಡು ಕೂತದ್ದು ಮಣ್ಣು ಎನ್ನುತ್ತಿದ್ದ ಕುಂಬಾರ. ಅವನಿಗೆ ಈ ಮಕ್ಕಳಿಂದ ಬಹಳ ಸುಖವಿತ್ತು. ಅದನ್ನು ಮುಚ್ಚಿಡುವ ಬುದ್ಧಿ ಮಾತ್ರ ಅವನಿಗೆ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಗೌಡನ ಮಗಳ ಮದುವೆ ಗೊತ್ತಾಯಿತು. ಕುಂಬಾರ ಐರಣಿ ಮಡಕೆಗಳನ್ನು ಮಾಡಿ ಒಣಗಲೆಂದು ನೆರಳಿನಲ್ಲಿ ಸಾಲಾಗಿಟ್ಟು, ಮಣ್ಣು ತರಲು ಕೆರೆಗೆ ಹೋದ. ಬಿಸಿಲು ಜೋರಾಗಿತ್ತೆಂದು ಅಂದು ಮಕ್ಕಳನ್ನು ಕರೆದೊಯ್ಯಲಿಲ್ಲ. ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸುಟ್ಟ ಮಡಕೆಯನ್ನು ಅಪ್ಪ ಹೇಗೆ ಪರೀಕ್ಷೆ ಮಾಡುತ್ತಾನೆ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಬೆರಳ ಗೆಣ್ಣಿನಿಂದ ಬಡಿದು, ಕಿವಿ ಕೊಟ್ಟು ಕೇಳುತ್ತಾನೆ. ಖಣ್ ಎಂದರೆ ಗಟ್ಟಿ, ಡಬ್ ಎಂದರೆ ಎಲ್ಲೋ ಬಿರುಕು. ಹಸಿ ಮಡಕೆಯನ್ನು ಬಡಿಯಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇಬ್ಬರೂ ಒಂದು ತುದಿಯಿಂದ ಶುರುಮಾಡಿ, ಒಂದನ್ನೂ ಬಿಡದೆ, ಬಡಿದು ಬಡಿದು ನೋಡಿದರು. ಬಡಿದಲ್ಲೆಲ್ಲ ತಗ್ಗು ಬಿತ್ತು.

ಸಂಜೆ ಕುಂಬಾರ ಬರುವಷ್ಟರಲ್ಲಿ ಬಿಸಿಗಾಳಿಗೆ ತಗ್ಗುಗಳು ಬಿಗಿದುಹೋಗಿದ್ದವು. ಒಳಗಿನಿಂದ ಒತ್ತಿ ಸರಿಮಾಡುವ ಹದ ದಾಟಿತ್ತು. ಹೊಸದಾಗಿ ಮಾಡಿ, ಒಣಗಿಸಿ, ಸುಟ್ಟು ಕೊಡುವಷ್ಟು ದಿನ ಮದುವೆಗೆ ಉಳಿದಿರಲಿಲ್ಲ. ಹಿರಿಯವನು ಎದುರಿಗೆ ಬಂದು ಗಂಭೀರವಾಗಿ ನಿಂತ.

"ಅಪ್ಪಾ, ಒಂದೂ ಖಣ್ ಅನ್ನಲಿಲ್ಲ. ಎಲ್ಲಾ ಕೆಟ್ಟಾವ," ಎಂದ.

ಕಿರಿಯವನು ಹೌದು ಹೌದು ಎಂದು ತಲೆ ಆಡಿಸಿದ.

ಕುಂಬಾರ ಹತ್ತಿರ ಬಂದ. ಮಡಕೆಗಳ ಸಾಲನ್ನು ನೋಡಿದ, ಮಕ್ಕಳನ್ನು ನೋಡಿದ. ಆಮೇಲೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ನಕ್ಕನೆಂದು ಮಕ್ಕಳೂ ನಕ್ಕರು, ಅವನ ಮೇಲೆ ಬಿದ್ದು ಹೊರಳಾಡಿದರು.

ಅದೇ ಹೊತ್ತಿಗೆ ಗೌಡ ಊರ ಹಿರಿಯರನ್ನು ಕರೆದುಕೊಂಡು ಮಡಕೆ ನೋಡಲು ಬಂದ. ತಗ್ಗು ಬಿದ್ದ ಐರಣಿಯನ್ನು ನೋಡಿದ, ನಗುತ್ತಿರುವ ಕುಂಬಾರನನ್ನೂ ನೋಡಿದ. ಅವನ ಸಿಟ್ಟು ನೆತ್ತಿಗೇರಿತು. ಮಗಳ ಮದುವೆಗೆ ಅಪಶಕುನವಾಯಿತೆಂದು ಕೂಗಾಡಿದ. ಹಿರಿಯರು ಅವನನ್ನು ಸಮಾಧಾನ ಮಾಡಿ ಒಂದು ತೀರ್ಮಾನ ಹೇಳಿದರು. ಈ ಮದುವೆಗೆ ಪಕ್ಕದ ಊರಿನಿಂದ ಮಡಕೆ ತರಿಸುವುದು. ಕುಂಬಾರ ಎಲ್ಲರ ಕಣ್ಣೆದುರು ಇಬ್ಬರು ಹುಡುಗರಿಗೂ ಹುಣಸೆ ಕೋಲಿನಿಂದ ಬಾರಿಸುವುದು. ಬಾರಿಸಿದರೆ ಹಕ್ಕು ಅವನ ಮನೆಯಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಪಕ್ಕದ ಊರಿನವನ ಪಾಲಾಗುತ್ತದೆ, ಮತ್ತೆ ಬರುವುದಿಲ್ಲ.

"ಆ ಹುಡುಗರ ಸಲುವಾಗಿನ ಹೇಳ್ತೀನೋ ಮಾರಾಯಾ," ಎಂದರು ಒಬ್ಬ ಹಿರಿಯರು. "ನಾಳೆ ದೊಡ್ಡವರಾದಮ್ಯಾಲ, ನಮ್ಮ ಹಕ್ಕು ಯಾಕ ಕಳದಿ ಅಂತ ಕೇಳಿದ್ರ ಏನ್ ಹೇಳ್ತಿ? ಎರಡು ಏಟು ಹಾಕು, ಮುಗೀತು."

ಕೆಟ್ಟ ಮಾತಲ್ಲ ಅದು, ಅಡಿವೆಪ್ಪ. ತಿಳಿದವರು ಆಡುವ ಮಾತು. ಈಗಷ್ಟೇ ನೀನೂ ಆಡಿದೆ.

ಯಾರೋ ಕುಂಬಾರನ ಕೈಗೆ ಕೋಲು ಕೊಟ್ಟರು. ಅದೂ ಒಂದು ಆಟವೆಂದು ತಿಳಿದು ಮಕ್ಕಳು ಇನ್ನೂ ನಗುತ್ತಲೇ ಇದ್ದರು. ಕುಂಬಾರ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದ.

"ನಾಳೆ ದೊಡ್ಡವರಾಗೋ ಮಕ್ಕಳನ್ನ ನಾ ಇನ್ನೂ ನೋಡಿಲ್ರಿ," ಎಂದ. "ಅವರು ಹ್ಯಾಂಗಿರ್ತಾರೋ ಏನೋ. ನಾ ನೋಡಿದ್ದು ಇವರನ್ನ. ಇವರ ನಗಿ ನಿಲ್ಲಿಸಿ ಅವರಿಗೆ ಹಕ್ಕು ಉಳಿಸೂದು ನನ್ನ ಕೈಲೆ ಆಗೂದಿಲ್ಲ. ಗೌಡ್ರ, ಐರಣಿ ಹಕ್ಕು ಊರು ಕೊಟ್ಟದ್ದು, ಊರೇ ತಗೊಳ್ಳಲಿ. ಈ ಮಕ್ಕಳ ಜೋಡಿ ನಗೂದು ಊರು ಕೊಟ್ಟದ್ದಲ್ಲ."

ಹಕ್ಕು ಹೋಯಿತು. ಮದುವೆಯ ದಿನ ವಾದ್ಯ ಅವನ ಬಾಗಿಲಲ್ಲಿ ನಿಲ್ಲದೆ ಪಕ್ಕದ ಊರಿನ ದಾರಿ ಹಿಡಿಯಿತು. ಹೆಂಡತಿ ಬಾಗಿಲು ಹಾಕಿಕೊಂಡು ಅತ್ತಳು. ಅವನಿಗೂ ಸಂಕಟವಾಯಿತು. ಆಗಲಿಲ್ಲ ಎಂದು ಹೇಳಿದರೆ ನಾನು ಸುಳ್ಳುಗಾರ. ಅಪ್ಪ, ಅಜ್ಜ ನಡೆಸಿಕೊಂಡು ಬಂದದ್ದು ತನ್ನ ಕೈಯಲ್ಲಿ ನಿಂತಿತಲ್ಲ ಎಂದು ಊಟ ಬಿಟ್ಟು ಕೂತ. ಹೊಟ್ಟೆ ಕೇಳಬೇಕಲ್ಲ, ಮರುದಿನ ಎದ್ದು ತಿಗರಿ ತಿರುಗಿಸಿದ. ರೊಟ್ಟಿ ಹಂಚು, ನೀರಿನ ಹರವಿ, ಜನ ದಿನವೂ ಬಳಸುವಂಥದನ್ನೆಲ್ಲ ಮಾಡಿದ.

ಮಡಕೆ ಸುಟ್ಟ ಆವಿಗೆ ಬಿಚ್ಚಿದ ದಿನ ಮಕ್ಕಳನ್ನು ಕೂಗಿ ಕರೆದ. "ಬರ್ರಿ ಸಾವ್ಕಾರ್ರ, ಪರೀಕ್ಷಾ ಮಾಡ್ರಿ," ಎಂದ. ಅವರು ಓಡಿ ಬಂದು ಬಡಿದರು. ಮೊದಲ ಹರವಿ ಖಣ್ ಎಂದಿತು. ಕಿರಿಯವನು ಬೆಚ್ಚಿಬಿದ್ದು ಅಣ್ಣನ ಅಂಗಿ ಹಿಡಿದುಕೊಂಡ. ಆಮೇಲೆ ಇಬ್ಬರೂ ಕುಣಿದರು. ಕುಂಬಾರ ಕಣ್ತುಂಬ ನೋಡಿದ. ಬೀದಿಯಲ್ಲಿ ಗೌಡ ಹೋಗುತ್ತಿದ್ದ. ಅವನಿಗೂ ಕೇಳಲಿ ಎಂದು ಇನ್ನಷ್ಟು ಗಟ್ಟಿಯಾಗಿ ನಕ್ಕ.

ಇಷ್ಟು ಹೇಳಿ ಗುರುಗಳು ಮತ್ತೆ ಬತ್ತಿ ಹೊಸೆಯತೊಡಗಿದರು. ಅಡಿವೆಪ್ಪ ಮುಂದಕ್ಕೆ ಸರಿದು ಕೂತ.

"ಆ ಮಕ್ಕಳು ಮುಪ್ಪಿನ್ಯಾಗ ಅಪ್ಪನ್ನ ನೋಡ್ಕೊಂಡ್ರೇನ್ರೀ, ಅಜ್ಜಾರ?" ಎಂದು ಕೇಳಿದ.

ಗುರುಗಳು ಮೊದಲ ಸಲ ಮುಖ ಎತ್ತಿ ಅವನನ್ನು ನೋಡಿದರು.

"ಕುಂಬಾರ ಅದನ್ನ ಕೇಳಲಿಲ್ಲ. ನೀ ಹೇಳು, ನಿನ್ನ ಮಕ್ಕಳು ಇವತ್ತ ಏನೇನ್ ಕೆಡಿಸ್ಯಾರ?"